ಗುಳಿಗೆ ನುಂಗುವವರನ್ನೂ ಕೇಳೋಣ, ಮೇಷ್ಟ್ರೇ

ಸಿರುಗುಪ್ಪದ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟ ಬರೆದಿದ್ದಾರೆ. ಸಾರ ಇಷ್ಟು: ‘ಮಾನಸಿಕ ಕಾಯಿಲೆ ಇರುವವರನ್ನೇ ಸರ್ಕಾರದ ಸಮಿತಿಗಳಲ್ಲಿ ಕೂರಿಸಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ತಲೆ ನೆಟ್ಟಗಿಲ್ಲದವರು ಏನು ಸಲಹೆ ಕೊಟ್ಟಾರು? ಅದು ಡಾಕ್ಟರ ಕೆಲಸ.’

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಮಾತು ಮಾತ್ರ ಒಪ್ಪೋಕಾಗಲಿಲ್ಲ.

ಡಾಕ್ಟರು ಬೇಕು, ಗುಳಿಗೆಯೂ ಬೇಕು. ಕಾಯಿಲೆ ಜೋರಾದಾಗ ಕೆಲವರಿಗೆ ತಮ್ಮ ಒಳಿತು ಕೆಡುಕು ತಿಳಿಯುವುದಿಲ್ಲ, ನಿಜ. ಆದರೆ ವರ್ಷವಿಡೀ ಹಾಗೇ ಇರ್ತಾರಾ?

ನಮ್ಮ ಸೋದರಮಾವನ ವಿಷಯ ಹೇಳ್ತೀನಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಯಾರೋ ಕಿವಿಯಲ್ಲಿ ಬೈದಂಗಾಗುತ್ತಿತ್ತು. ಗುಳಿಗೆ ಶುರುವಾಯಿತು, ಬೈಗುಳ ನಿಂತಿತು. ಆರು ತಿಂಗಳಿಗೆ ಮತ್ತೆ ಅದೇ ಕಥೆ. ಗುಳಿಗೆ ಬಿಟ್ಟಿದ್ದರು. ಹಠಮಾರಿ ಅಂತ ಮನೆಯವರೆಲ್ಲ ಬೈದೆವು, ನಾನೂ ಸೇರಿ. ಮತ್ತೆ ನುಂಗಿಸಿದೆವು. ಒಂದು ಸಂಜೆ ಒಗ್ಗರಣೆ ಮಿರ್ಚಿ ತಿನ್ನೋಕೆ ಕೂತಿದ್ದೆವು. ಮಾವನ ಕೈ ಗಡಗಡ. ಮಂಡಕ್ಕಿ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿ ಮೇಲೆ. “ಸೂಜ್ಯಾಗ ದಾರ ಹೋಗಂಗಿಲ್ಲೋ. ಪೀಸಿಗಿಷ್ಟು ಅಂತ ಕೂಲಿ ಕೊಡ್ತಾರ. ಗುಳಿಗಿ ನುಂಗಿ ಹೊಟ್ಟಿಗೆ ಏನು ತಿನ್ಲಿ?” ಅಂದರು.

ಡಾಕ್ಟರಿಗೆ ಹೇಳಿದೆವು. ಗುಳಿಗೆ ಬದಲಾಯಿಸಿದರು, ನಡುಕ ಇಳಿಯಿತು. ಅಷ್ಟು ದಿನ ಆ ಕೈ ಬಗ್ಗೆ ಯಾರೂ ಕೇಳಿರಲಿಲ್ಲ. ಹುಚ್ಚನ ಮಾತು ಯಾರು ಕೇಳ್ತಾರೆ ಅಂತ ಮಾವನೂ ಬಾಯಿ ಬಿಟ್ಟಿರಲಿಲ್ಲ.

ಇದು ನನ್ನ ಹುಚ್ಚಾಟ ಅಂದುಕೊಳ್ಳಬೇಡಿ. ಕಾನೂನೇ ಹೇಳುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಇರುವವರ, ಇದ್ದವರ ಪರವಾಗಿ ಇಬ್ಬರು, ಅವರನ್ನು ನೋಡಿಕೊಳ್ಳುವವರ ಪರವಾಗಿ ಇಬ್ಬರು ಇರಲೇಬೇಕು. ನಾಳೆ ನನಗೆ ಹುಷಾರು ತಪ್ಪಿದರೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಅಂತ ಆರೋಗ್ಯವಾಗಿದ್ದಾಗಲೇ ಬರೆದಿಡಬಹುದು. ನಿಮ್ಮ ‘ತಲೆ ನೆಟ್ಟಗಿಲ್ಲ’ ಎಂಬ ಮಾತಿಗೆ ಉತ್ತರ ಅಲ್ಲೇ ಇದೆ, ಅಲ್ವಾ? ಸರಪಳಿ ಹಾಕಿ ಕಟ್ಟುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಕಟ್ಟಿಹಾಕಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ 28 ಜನ ಸತ್ತರು. ಕಾಲಲ್ಲಿ ಸರಪಳಿ, ಓಡುವುದಾದರೂ ಹೇಗೆ?

ಇನ್ನು ನಮ್ಮೂರಿನ ಹೆಮ್ಮೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು, ಹಳ್ಳಿ ಆಸ್ಪತ್ರೆಯ ಡಾಕ್ಟರಿಗೇ ಈ ಕಾಯಿಲೆಗಳಿಗೆ ಔಷಧ ಕೊಡುವುದನ್ನು ಕಲಿಸಿದರು. ಆಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲಾ ನಮ್ಮ ಜಿಲ್ಲೆಯೇ. ಆ ‘ಬಳ್ಳಾರಿ ಮಾದರಿ’ ನೋಡಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ ಊರಿನಲ್ಲೇ ಒಂದು ಸಭೆ ನೋಡಿದೆ. ರೋಗಿಯ ತಾಯಿಯೊಬ್ಬರಿಗೆ ಬಾಗಿಲ ಪಕ್ಕದ ಕುರ್ಚಿ. “ಎರಡು ತಿಂಗಳ ಗುಳಿಗಿ ಒಮ್ಮೆಗೇ ಕೊಡ್ರೀ ಸಾರ್, ಬಂದಾಗೆಲ್ಲ ಒಂದು ದಿನದ ಕೂಲಿ ಹೋಗ್ತದ” ಅಂದರು. ಸಾಹೇಬರು ತಲೆಯಾಡಿಸಿ, ಸಹಿ ಹಾಕಿಸಿಕೊಂಡು, ಫೋಟೊಗೆ ಮಾತ್ರ ಮುಂದೆ ಕರೆದರು.

ಇದು ಮಾನಸಿಕ ಕಾಯಿಲೆಯ ಮಾತಷ್ಟೇ ಅಲ್ಲ. ಗಣಿ ಧೂಳು ಕುಡಿದವರು ಸಂಡೂರಿನ ಹಳ್ಳಿಯವರು. ಗಣಿ ದುಡ್ಡಿನ ಲೆಕ್ಕ ಹಾಕುವವರು ಏಸಿ ರೂಮಿನವರು. ಕಾಲುವೆ ಕೊನೆಯ ರೈತನಿಗೆ ನೀರು ಯಾವಾಗ ಬರುತ್ತೆ ಅಂತ ತೀರ್ಮಾನಿಸುವ ಸಭೆಯಲ್ಲಿ ಆ ರೈತನಿಗೆ ಜಾಗ ಎಲ್ಲಿರುತ್ತೆ, ಮೇಷ್ಟ್ರೇ? ನೀವು ಸಿರುಗುಪ್ಪದವರು, ನನಗಿಂತ ಚೆನ್ನಾಗಿ ಬಲ್ಲಿರಿ.

ಒಂದು ಕೆಲಸ ಮಾಡಿ. ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ವೈದ್ಯರು ಬರುವ ದಿನ ಹೊರಗಿನ ಬೆಂಚಿನ ಮೇಲೆ ಸುಮ್ನೆ ಅರ್ಧ ಗಂಟೆ ಕೂತು ಬನ್ನಿ. ನಿಮ್ಮ ಹಳೇ ವಿದ್ಯಾರ್ಥಿ ಒಬ್ಬನಾದರೂ ಸಿಕ್ಕಾನು. ಅವನೇ ಮಾತಾಡಿದರೆ ಕೇಳಿಸಿಕೊಂಡು ಬಂದು ಬರೀರಿ, ಅವನು ಹೂಂ ಅಂದರೆ ಮಾತ್ರ. ಹೆಸರು ಬೇಡ. ಈ ಸಲ ಒಂದೇ ಪುಟ ಸಾಕು.

– ಸಂ.