ಬೇರೆ ಬೇರೆ ಡಿಸೈನಿನ ಬಟ್ಟೆ ಸೇರಿಸಿ ಒಂದು ಜಾಕೆಟ್ ಹೊಲಿಸಬಹುದಾ?

ನಮ್ಮ ತುಮಕೂರು ಜಿಲ್ಲೆಯ ವೈ.ಎನ್. ಹೊಸಕೋಟೆಯ ಹಳೇ ರೇಷ್ಮೆ ಸೀರೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಹೂವಿನ ಕಾಟನ್ ಮೂರೂ ಸೇರಿದರೆ ಗಿಜಿಬಿಜಿ ಆಗಲ್ವಾ ಅಂತ ಕೇಳಿದ್ದೀರಿ. ಒಂದೇ ಬಟ್ಟೆಗೆ ಯಜಮಾನಿಕೆ ಕೊಟ್ಟರೆ ಗಿಜಿಬಿಜಿ ಆಗುವುದಿಲ್ಲ. ದೊಡ್ಡ ಡಿಸೈನ್ ಬೆನ್ನಿಗೆ ಬರಲಿ, ಅಲ್ಲೇ ಜಾಗ ಜಾಸ್ತಿ. ಸಣ್ಣ ಬುಟ್ಟಾ ತೋಳಿಗೆ ಸಾಕು. ಮೂರರಲ್ಲೂ ಒಂದು ಬಣ್ಣವಾದರೂ ಸೇರುವಂತಿರಲಿ. ಹೊಲಿಯುವ ಮೊದಲು ತುಂಡುಗಳನ್ನು ಜೋಡಿಸಿಟ್ಟು ಫೋನಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫೋಟೊ ತೆಗೆದು ನೋಡಿ, ಎಲ್ಲವೂ ಒಂದೇ ಬೂದು ಬಣ್ಣ ಕಂಡರೆ ಒಂದನ್ನು ಬದಲಾಯಿಸಲೇಬೇಕು, ದೂರದಿಂದ ಡಿಸೈನ್ ಎದ್ದು ಕಾಣುವುದೇ ಇಲ್ಲ. ಕಾಟನ್ ಮೊದಲೇ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ರೇಷ್ಮೆಯನ್ನು ಎಳೆಯುತ್ತದೆ. ಹಳೇ ರೇಷ್ಮೆ ಮಡಿಕೆ ಬಿದ್ದ ಕಡೆ ಸೀಳುತ್ತದೆ, ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿ ಹಾಕಿ ಅಂಟಿಸುವ ಒಳಬಟ್ಟೆ) ಹಾಕಿಸಿ. ಜರಿ ಅಂಚು ಸುಮ್ನೆ ಬಿಸಾಡಬೇಡಿ, ಕಾಲರಿಗೆ ತುಂಬಾ ಚೆನ್ನಾಗಿರುತ್ತದೆ.