ನರಹುಲಿ ತರುವ ಎಚ್‌ಪಿವಿ ಬೇರೆ, ಕ್ಯಾನ್ಸರ್ ತರುವ ಎಚ್‌ಪಿವಿ ಬೇರೆ

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದ ಹಿಂದೆ ಜನನಾಂಗದ ಹತ್ತಿರ ನರಹುಲಿ ಎದ್ದಿತ್ತು. ಚಿಕಿತ್ಸೆ ತೆಗೆದುಕೊಂಡ ಮೇಲೆ ಹೋಯಿತು. ಈಗ ತಪಾಸಣೆಯಲ್ಲಿ ‘ಹೈ-ರಿಸ್ಕ್ ಎಚ್‌ಪಿವಿ ಪಾಸಿಟಿವ್’ ಎಂದು ಬಂದಿದೆ. ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕೋಶಗಳ ಪರೀಕ್ಷೆ) ನಾರ್ಮಲ್ ಇದೆ. ಆ ನರಹುಲಿಯೇ ಕ್ಯಾನ್ಸರ್ ಆಗ್ತಿದೆಯಾ? ಗಂಡನ ಮೇಲೂ ಅನುಮಾನ ಬರುತ್ತಿದೆ.

ಉತ್ತರ: ಇಲ್ಲಮ್ಮ, ನರಹುಲಿ ಕ್ಯಾನ್ಸರ್ ಆಗುತ್ತಿಲ್ಲ. ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಪಾಸಿಟಿವ್ ಅಂದರೆ ಆ ವೈರಸ್ ಸಿಕ್ಕಿದೆ ಎಂದಷ್ಟೇ ಅರ್ಥ, ಕ್ಯಾನ್ಸರ್ ಇದೆ ಎಂದಲ್ಲ.

ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಒಂದೊಂದಕ್ಕೂ ಒಂದು ನಂಬರ್. ಜನನಾಂಗದ ನರಹುಲಿಗೆ ಸುಮಾರು ಶೇ 90ರಷ್ಟು ಸಲ 6 ಮತ್ತು 11 ಕಾರಣ. ಇವು ಲೋ-ರಿಸ್ಕ್. ಕಣ್ಣಿಗೆ ಕಾಣುವುದರಿಂದ ಹೆದರಿಸುತ್ತವೆ, ಆದರೆ ಗರ್ಭಕಂಠದ ಕ್ಯಾನ್ಸರ್ ತರುವುದು ಇವಲ್ಲ. ನಿಮಗೆ ಮಾಡಿದ ಟೆಸ್ಟ್ ಇವನ್ನು ಹುಡುಕುವುದೂ ಇಲ್ಲ. ಅದು ಹುಡುಕುವುದು 16, 18, 31, 33, 45ರಂಥ ಹೈ-ರಿಸ್ಕ್ ಬಗೆಗಳನ್ನು. 6 ಇದ್ದದ್ದು ಮುಂದೆ 16 ಆಗುವುದಿಲ್ಲ. ಒಬ್ಬರಲ್ಲೇ ಎರಡೂ ಇರಬಹುದು, ಅಷ್ಟೇ.

ಹೈ-ರಿಸ್ಕ್ ಬಗೆಗಳ ಅಪಾಯ ಇರುವುದು ಅವು ತಯಾರಿಸುವ ಇ6, ಇ7 ಎಂಬ ಪ್ರೋಟೀನ್‌ಗಳಲ್ಲಿ. ಜೀವಕೋಶ ಕೆಟ್ಟಾಗ ಅದರ ಬೆಳವಣಿಗೆ ತಡೆಯುವ ಪಿ53 ಎಂಬ ಪ್ರೋಟೀನನ್ನು ಇ6 ಹಾಳುಮಾಡುತ್ತದೆ. ಇಂಥ ಇನ್ನೊಂದು ತಡೆಯನ್ನು ಇ7 ಕಿತ್ತುಹಾಕುತ್ತದೆ. ಆದರೆ ಇದಕ್ಕೆ ವೈರಸ್ ವರ್ಷಗಟ್ಟಲೆ ಒಳಗೇ ಉಳಿಯಬೇಕು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಅಡಗಿಸುತ್ತದೆ. ಉಳಿದರೂ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಅಷ್ಟರೊಳಗೆ ಕೆಟ್ಟ ಕೋಶಗಳನ್ನು ಕಂಡುಹಿಡಿದು ತೆಗೆಯಬಹುದು. ತಪಾಸಣೆ ಇರುವುದೇ ಅದಕ್ಕೆ.

ಗಂಡನ ವಿಷಯ. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ನಿಜ, ಆದರೆ ಯಾವ ಲಕ್ಷಣವೂ ಇಲ್ಲದೆ ವರ್ಷಾನುಗಟ್ಟಲೆ ಸುಮ್ಮನಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಟೆಸ್ಟೂ ಹೇಳುವುದಿಲ್ಲ. ಮದುವೆಗೆ ಮುಂಚೆಯೇ ನಿಮ್ಮಿಬ್ಬರಲ್ಲಿ ಯಾರಿಗಾದರೂ ತಗುಲಿರಬಹುದು. ಸುಮ್ನೆ ಈ ರಿಪೋರ್ಟ್ ಇಟ್ಟುಕೊಂಡು ಜಗಳಕ್ಕೆ ಇಳಿಯಬೇಡಿ, ದಯವಿಟ್ಟು.

ನೀವು ಈಗ ಡಾಕ್ಟರನ್ನು ಕೇಳಬೇಕಾದ್ದು, ‘ಯಾವ ನಂಬರ್?’ ಎಂದು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಸುಮಾರು ಶೇ 70ಕ್ಕೆ 16 ಮತ್ತು 18 ಕಾರಣ. ಹಾಗಾಗಿ ಅವೆರಡರಲ್ಲಿ ಒಂದಿದ್ದರೆ, ಪ್ಯಾಪ್ ನಾರ್ಮಲ್ ಇದ್ದರೂ ಕಾಲ್ಪೊಸ್ಕೊಪಿ ಮಾಡಿಸಬೇಕು. ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುತ್ತಾರೆ, ಅನುಮಾನ ಬಂದರೆ ಚೂರು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬೇರೆ ನಂಬರ್ ಆದರೆ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್ ಮಾಡುತ್ತಾರೆ. ಎಚ್‌ಐವಿ ಇದ್ದರೆ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ, ಆಗ ಲೆಕ್ಕವೇ ಬೇರೆ. ಸಿಗರೇಟ್ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಅದು ಈ ಸೋಂಕು ಉಳಿದುಕೊಳ್ಳಲು ನೆರವಾಗುತ್ತದೆ.