ಲೈಸೆನ್ಸ್ ಇದ್ದ ಫುಟ್‌ಬಾಲ್ ಇಂಡೆಕ್ಸ್ ಮುಳುಗಿದ್ದು ಹೇಗೆ? ಜನರ ದುಡ್ಡು ಯಾಕೆ ವಾಪಸ್ ಬರಲಿಲ್ಲ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಬ್ರಿಟನ್ನಿನ ಫುಟ್‌ಬಾಲ್ ಇಂಡೆಕ್ಸ್ ಅನ್ನೋ ಬೆಟ್ಟಿಂಗ್ ಕಂಪನಿ 2021ರಲ್ಲಿ ಒಂದೇ ವಾರದಲ್ಲಿ ಹೇಗೆ ಮುಳುಗಿತು ಅನ್ನೋದು ಒಂದು. ಲೈಸೆನ್ಸ್ ಇದ್ದ ಮೇಲೆ ಗ್ರಾಹಕರ ದುಡ್ಡಿಗೆ ರಕ್ಷಣೆ ಇರಬೇಕಿತ್ತಲ್ವಾ ಅನ್ನೋದು ಇನ್ನೊಂದು. ನಾನು ಲೆಕ್ಕಪತ್ರದ ಕೆಲಸದವನು, ಫುಟ್‌ಬಾಲ್ ಹುಚ್ಚೂ ಇದೆ. ಹಾಗಾಗಿ ಈ ಪ್ರಕರಣವನ್ನು ಗಮನವಿಟ್ಟು ಓದಿದ್ದೇನೆ. ತಿಳಿದಷ್ಟು ಹೇಳುತ್ತೇನೆ.

ಮೊದಲು ಆಟ ಹೇಗಿತ್ತು ನೋಡಿ. ಜೆರ್ಸಿ ದ್ವೀಪದಲ್ಲಿ ನೋಂದಣಿಯಾಗಿದ್ದ ಬೆಟ್‌ಇಂಡೆಕ್ಸ್ ಲಿಮಿಟೆಡ್ 2015ರಲ್ಲಿ ಇದನ್ನು ಶುರು ಮಾಡಿತು. ನೀವು ಒಬ್ಬ ಆಟಗಾರನ ‘ಷೇರು’ ಕೊಳ್ಳುತ್ತೀರಿ. ಅವನು ಚೆನ್ನಾಗಿ ಆಡಿದ ದಿನ, ಅಥವಾ ಪತ್ರಿಕೆಗಳಲ್ಲಿ ಅವನ ಸುದ್ದಿ ಜಾಸ್ತಿ ಬಂದ ದಿನ, ಷೇರಿಗೆ ಇಷ್ಟು ಪೆನ್ಸ್ ಅಂತ ‘ಡಿವಿಡೆಂಡ್’ ಸಿಗುತ್ತದೆ. ಬೆಲೆ ಏರಿದರೆ ಮಾರಬಹುದು. ಮಾರುವಾಗ ಕಂಪನಿ 2% ಕಮಿಷನ್ ಹಿಡಿಯುತ್ತದೆ. ಪರದೆ ಮೇಲೆ ಷೇರುಪೇಟೆಯಂತೆಯೇ ಬೆಲೆಗಳು ಏರಿಳಿಯುತ್ತಿದ್ದವು. ಆದರೆ ಕಾನೂನಿನ ಪ್ರಕಾರ ಅದು ಷೇರಲ್ಲ, ಮೂರು ವರ್ಷದ ಒಂದು ಬೆಟ್. ಮೂರು ವರ್ಷ ಮುಗಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈ ಕೊನೆಯ ಮಾತೇ ಇಡೀ ಕಥೆಯ ಬೇರು. ಒಂದು ಪೌಂಡಿಗೆ ಕೊಂಡ ಷೇರು ಒಂದೂವರೆ ಪೌಂಡ್ ಆಯಿತು ಅಂದುಕೊಳ್ಳಿ. ಆ ಅರ್ಧ ಪೌಂಡ್ ಎಲ್ಲಿಂದ ಬಂತು? ಆಟಗಾರನಿಂದಲ್ಲ, ಅವನ ಕ್ಲಬ್ಬಿನಿಂದಲೂ ಅಲ್ಲ. ನಿಮ್ಮ ನಂತರ ಕೊಂಡವನ ಜೇಬಿನಿಂದ. ಊರಾಚೆ ಲೇಔಟಿನಲ್ಲಿ ಯಾರೂ ಮನೆ ಕಟ್ಟದೆ, ಬರೀ ಮುಂದಿನವನಿಗೆ ಮಾರೋದಕ್ಕೆ ಸೈಟು ಕೊಳ್ಳುತ್ತಾ ಹೋಗುತ್ತಾರಲ್ಲ, ಹಾಗೆ. ಸೈಟಾದರೆ ಕೊನೆಗೆ ನೆಲವಾದರೂ ಉಳಿಯುತ್ತದೆ. ಇಲ್ಲಿ ಅದೂ ಇಲ್ಲ.

ಇನ್ನು ಡಿವಿಡೆಂಡ್. ಜನ ಬರಲಿ ಅಂತ ಕಂಪನಿ ಡಿವಿಡೆಂಡನ್ನು ಮತ್ತೆ ಮತ್ತೆ ಏರಿಸಿತು. ಅದನ್ನು ನೋಡಿ ಷೇರಿನ ಬೆಲೆ ಏರಿತು. ಬೆಲೆ ಏರಿದ್ದನ್ನು ನೋಡಿ ಇನ್ನಷ್ಟು ಜನ ಬಂದರು. ಆದರೆ ಈ ಡಿವಿಡೆಂಡ್ ಕೊಡೋದಕ್ಕೆ ಕಂಪನಿಗೆ ಇದ್ದ ಆದಾಯ ಏನು? ಕಮಿಷನ್, ಮತ್ತೆ ಹೊಸ ಷೇರುಗಳನ್ನು ಸೃಷ್ಟಿಸಿ ಮಾರಿದ ದುಡ್ಡು. ಹೊಸದಾಗಿ ಮಾರಿದ ಪ್ರತಿ ಷೇರಿಗೂ ಮುಂದಿನ ಮೂರು ವರ್ಷ ಡಿವಿಡೆಂಡ್ ಕೊಡಬೇಕು. ಅಂದರೆ ಇವತ್ತಿನ ಕೊರತೆ ತುಂಬಲು ನಾಳೆಯ ಸಾಲ ಬೆಳೆಸಿದಂತಾಯಿತು. ಲೆಕ್ಕ ಬಲ್ಲವರು ಯಾರೇ ಕಾಗದದ ಮೇಲೆ ಬರೆದು ನೋಡಿದರೂ ಇದು ನಿಲ್ಲುವ ಲೆಕ್ಕವಲ್ಲ. ಹೊಸಬರು ಬರುವ ವೇಗ ತಗ್ಗಿದ ದಿನ ಕುಸಿಯಲೇಬೇಕು.

ಮೊದಲೆಲ್ಲ ಷೇರನ್ನು ಕಂಪನಿಗೇ ತಕ್ಷಣ ಮಾರಿಬಿಡುವ ಅನುಕೂಲ ಇತ್ತು. 2020ರಲ್ಲಿ ಅದು ಹೋಯಿತು. ಇನ್ನೊಬ್ಬ ಗ್ರಾಹಕ ಕೊಳ್ಳಲು ಮುಂದೆ ಬಂದರೆ ಮಾತ್ರ ಮಾರಾಟ. ಬೆಲೆ ಇಳಿಯುತ್ತಾ ಬಂತು. 2021ರ ಮಾರ್ಚ್ 5ರಂದು ಕಂಪನಿ ಡಿವಿಡೆಂಡನ್ನು ಭಾರೀ ಪ್ರಮಾಣದಲ್ಲಿ ಕಡಿತ ಮಾಡುವುದಾಗಿ ಘೋಷಿಸಿತು. ಆ ಶುಕ್ರವಾರ ರಾತ್ರಿಯೇ ಬೆಲೆಗಳು ನೆಲಕಚ್ಚಿದವು. ಎಲ್ಲರೂ ಮಾರುವವರೇ, ಕೊಳ್ಳುವವರು ಯಾರೂ ಇಲ್ಲ. ಮಾರ್ಚ್ 11ಕ್ಕೆ ವ್ಯವಹಾರ ನಿಂತಿತು, ಲೈಸೆನ್ಸೂ ಅಮಾನತಾಯಿತು. ಮಾರ್ಚ್ 26ಕ್ಕೆ ಮುಳುಗಿದ ಕಂಪನಿಯ ವ್ಯವಹಾರ ನೋಡಿಕೊಳ್ಳುವ ಆಡಳಿತಾಧಿಕಾರಿಗಳ ನೇಮಕವಾಯಿತು. ಆಗ ಜನರ ಬೆಟ್‌ಗಳಲ್ಲಿ ಸಿಕ್ಕಿಬಿದ್ದಿದ್ದ ಮೊತ್ತ ಸುಮಾರು 9 ಕೋಟಿ ಪೌಂಡ್ ಅಂತ ವರದಿಯಾಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ.

ಲೈಸೆನ್ಸ್ ಕೊಟ್ಟಿದ್ದು ಗ್ಯಾಂಬ್ಲಿಂಗ್ ಕಮಿಷನ್, ಅಂದರೆ ಬ್ರಿಟನ್ನಿನಲ್ಲಿ ಜೂಜು, ಬೆಟ್ಟಿಂಗ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ. 2020ರ ಜನವರಿಯಲ್ಲೇ ಕಮಿಷನ್‌ಗೆ ಒಂದು ಎಚ್ಚರಿಕೆ ಹೋಗಿತ್ತು. ಇದು ಷೇರುಪೇಟೆಯ ವೇಷದಲ್ಲಿರುವ ಅಪಾಯಕಾರಿ ಪಿರಮಿಡ್ ಸ್ಕೀಮ್ (ಹೊಸಬರ ದುಡ್ಡಿನಿಂದ ಹಳಬರಿಗೆ ಕೊಡುವ ಯೋಜನೆ) ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಲೈಸೆನ್ಸ್ ಪರಿಶೀಲನೆ ಶುರುವಾಯಿತು. ಆದರೆ ಗ್ರಾಹಕರಿಗೆ ಇದರ ಸುಳಿವೇ ಇರಲಿಲ್ಲ. ಆಟ ನಡೆಯುತ್ತಲೇ ಇತ್ತು, ಜನ ದುಡ್ಡು ಹಾಕುತ್ತಲೇ ಇದ್ದರು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸ್ ಆಟಗಾರರ ಜೆರ್ಸಿ ಮೇಲೆ ಇದೇ ಕಂಪನಿಯ ಹೆಸರು. ಹಳೆಯ ಕ್ಲಬ್ಬಿನ ಎದೆ ಮೇಲಿರೋ ಹೆಸರನ್ನು ಒಬ್ಬ ಸಾಮಾನ್ಯ ಅಭಿಮಾನಿ ಯಾಕೆ ಅನುಮಾನಿಸುತ್ತಾನೆ ಹೇಳಿ?

ಸರ್ಕಾರ ಒಬ್ಬ ಹಿರಿಯ ವಕೀಲರಿಂದ ಸ್ವತಂತ್ರ ವಿಮರ್ಶೆ ಮಾಡಿಸಿತು. ಆ ವರದಿ 2021ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಲೈಸೆನ್ಸಿಗೆ ಅರ್ಜಿ ಹಾಕುವಾಗ ಕಂಪನಿ ತನ್ನ ಆಟದ ಸ್ವರೂಪವನ್ನು ಸರಿಯಾಗಿ ತಿಳಿಸಿರಲಿಲ್ಲ ಅಂತ ಅದರಲ್ಲಿದೆ. ಕಮಿಷನ್ ಇನ್ನೂ ಬೇಗ ಎಚ್ಚೆತ್ತುಕೊಳ್ಳಬಹುದಿತ್ತು ಅಂತಲೂ ಇದೆ. ಹಣಕಾಸು ಸಂಸ್ಥೆಗಳನ್ನು ನೋಡಿಕೊಳ್ಳುವ ಎಫ್‌ಸಿಎ ಕೂಡ ತಡವಾಗಿ ಉತ್ತರ ಕೊಟ್ಟಿತ್ತು, ಇದು ಯಾರ ವ್ಯಾಪ್ತಿಗೆ ಬರುತ್ತದೆ ಅನ್ನೋದರಲ್ಲಿ ಒಂದೇ ಮಾತಿಗೆ ನಿಂತಿರಲಿಲ್ಲ. ಇದು ಬೆಟ್ಟೋ ಹೂಡಿಕೆಯೋ ಅಂತ ಎರಡು ಇಲಾಖೆಗಳು ಪತ್ರ ಬರೆದುಕೊಳ್ಳುತ್ತಿದ್ದಾಗ ಜನರ ಉಳಿತಾಯ ಅದರೊಳಗೆ ಹರಿಯುತ್ತಿತ್ತು.

ಬೆಟ್ ಅಂತ ಲೈಸೆನ್ಸ್ ಪಡೆದಿದ್ದರ ಪರಿಣಾಮ ಏನಾಯಿತು ಗೊತ್ತಾ? ಅಧಿಕೃತ ಹೂಡಿಕೆ ಕಂಪನಿ ಮುಳುಗಿದರೆ ಅಲ್ಲಿ ಪರಿಹಾರ ನಿಧಿಯೊಂದಿದೆ. ಆಗ ಅದರ ಮಿತಿ ಒಬ್ಬರಿಗೆ 85,000 ಪೌಂಡ್. ಬೆಟ್ಟಿಂಗ್ ಕಂಪನಿಗೆ ಅದು ಅನ್ವಯಿಸುವುದಿಲ್ಲ. ಗ್ರಾಹಕರ ದುಡ್ಡಿಗೆ ಎಷ್ಟು ಮಟ್ಟದ ರಕ್ಷಣೆ ಇದೆ ಅಂತ ತಿಳಿಸಬೇಕು ಅನ್ನೋದು ಲೈಸೆನ್ಸಿನ ನಿಯಮ. ಪೂರ್ತಿ ರಕ್ಷಣೆ ಕೊಡಲೇಬೇಕು ಅಂತೇನೂ ಇಲ್ಲ. ಅದೂ ವಾಲೆಟ್‌ನಲ್ಲಿ, ಅಂದರೆ ಇನ್ನೂ ಬೆಟ್‌ಗೆ ಹಾಕದೆ ಖಾತೆಯಲ್ಲಿ ಇರೋ ದುಡ್ಡಿನ ಮಾತು. ಫುಟ್‌ಬಾಲ್ ಇಂಡೆಕ್ಸ್ ವಾಲೆಟ್ ದುಡ್ಡನ್ನು ಬೇರೆ ಟ್ರಸ್ಟ್ ಖಾತೆಯಲ್ಲಿ ಇಟ್ಟಿತ್ತು. ಕೋರ್ಟಿನ ನಿರ್ದೇಶನ ಬಂದ ಮೇಲೆ ಅದು ಗ್ರಾಹಕರಿಗೆ ಸಿಕ್ಕಿತು. ಷೇರು ಕೊಂಡ ದುಡ್ಡು ಮಾತ್ರ ಆಗಲೇ ‘ಆಡಿಯಾಗಿತ್ತು’. ಜನ ಉಳಿತಾಯ ಅಂದುಕೊಂಡು ಇಟ್ಟ ಬಹುಪಾಲು ಹಣ ಇದ್ದಿದ್ದೇ ಅಲ್ಲಿ. ಬೆಟ್ಟಿಂಗ್ ಕಂಪನಿ ಮುಳುಗಿ ಆದ ನಷ್ಟಕ್ಕೆ ತೆರಿಗೆದಾರರ ದುಡ್ಡು ಕೊಡುವುದು ಸರಿಯಲ್ಲ ಅಂತ ಸರ್ಕಾರವೂ ಹೇಳಿಬಿಟ್ಟಿತು. ದುಡ್ಡು ಕಳೆದುಕೊಂಡವರನ್ನು ಜೂಜುಕೋರರು ಅಂತ ತಳ್ಳಿಹಾಕೋದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಷೇರು, ಡಿವಿಡೆಂಡ್ ಅಂತ ಜಾಹೀರಾತು ಕೊಟ್ಟವರು ಅವರಲ್ಲ.

ಸ್ನೇಹಿತರೊಬ್ಬರು ವಿದೇಶಿ ಲೈಸೆನ್ಸ್ ತೋರಿಸುವ ಇಂಥದ್ದೇ ಕ್ರಿಕೆಟ್ ಆ್ಯಪ್‌ನಲ್ಲಿ ದುಡ್ಡು ಹಾಕಿದ್ದಾರೆ ಅಂತಲೂ ಬರೆದಿದ್ದೀರಿ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಹಾಗಾಗಿ ವಿದೇಶಿ ಲೈಸೆನ್ಸ್ ಇಲ್ಲಿ ಯಾವ ನೆರವಿಗೂ ಬರುವುದಿಲ್ಲ. ಅವರ ವಾಲೆಟ್‌ನಲ್ಲಿ ಏನಾದರೂ ಉಳಿದಿದ್ದರೆ ಇವತ್ತೇ ಬ್ಯಾಂಕ್ ಖಾತೆಗೆ ತೆಗೆದುಕೊಳ್ಳಲು ಹೇಳಿ. ತೆಗೆಯಲು ಇನ್ನಷ್ಟು ದುಡ್ಡು ಕಟ್ಟಿ ಅಂತ ಆ್ಯಪ್ ಕೇಳಿದರೆ ಕಟ್ಟುವುದು ಬೇಡ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಲಿ.